ಬೆಂಚಿನ ಮೇಲಿನ ಹಳದಿ ಶಾಲು

ಪಕ್ಷಿಧಾಮದ ಗೇಟಿನ ಕಾವಲುಗಾರ ದಾರಿ ಹೇಳಲು ಬಾಯಿ ತೆರೆದಾಗ ಅಳಿಯ ಮಹಾಶಯ ಕಿವಿಗೊಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. "ಗೊತ್ತು ಬಿಡಪ್ಪಾ, ಎಷ್ಟು ಸಲ ಬಂದಿಲ್ಲ!" ಎಂದು ಗಾಜು ಏರಿಸಿಬಿಟ್ಟ. ಬಂದದ್ದು ಅದೇ ಮೊದಲು.

ಪಕ್ಕದಲ್ಲಿ ಅತ್ತೆ. ಕಾರು ಅವರದು. ಕಣ್ಣು ಮಂಜಾಗಿ ಇನ್ನು ಓಡಿಸಲಾರೆನೆಂದು, ಇಬ್ಬರು ಅಳಿಯಂದಿರಲ್ಲಿ ನೆಟ್ಟಗೆ ಸುತ್ತಾಡಿಸಿ ತಂದವರಿಗೇ ಕೀಲಿ ಎಂದಿದ್ದರು. ದೊಡ್ಡಳಿಯ ಹೋದ ವಾರವೇ ದಾರಿ ತಪ್ಪಿ ಡುಮ್ಕಿ ಹೊಡೆದಿದ್ದ. ಇವನೂ ತಪ್ಪಿದರೆ ಜನ್ಮವಿಡೀ ಕೆಮ್ಮುವ ಸ್ಕೂಟರೇ ಗತಿ.

ಜೌಗುನೆಲದ ನಡುವೆ ಒಂದೇ ದಿಕ್ಕಿನ ರಸ್ತೆ. ಎರಡೂ ಕಡೆ ಆಳೆತ್ತರದ ಹುಲ್ಲು, ಕಪ್ಪು ನೀರು, ಮಧ್ಯಾಹ್ನವಾದರೂ ಕರಗದ ಮಂಜು. ಹಾರ್ನ್ ಹೊಡೆಯುವಂತಿಲ್ಲ. ಒಂದು ಹಕ್ಕಿಯೂ ಉಸಿರೆತ್ತಲಿಲ್ಲ. ನಿಲುಗಡೆಯಲ್ಲಿ ಇಳಿದು ಹಲಗೆಹಾದಿಯ ಕೊನೆಯವರೆಗೆ ನಡೆದರು. ಅಲ್ಲಿನ ಬೆಂಚಿನ ಮೇಲೆ ಅತ್ತೆ ಸುಧಾರಿಸಿಕೊಂಡರು. ಏಳುವಾಗ ಶಾಲು ಅಲ್ಲೇ ಮರೆತರು.

ಮುಂದಿನ ನಿಲುಗಡೆ. ಮತ್ತೆ ಹಲಗೆಹಾದಿ, ಮತ್ತೆ ಬೆಂಚು. ಬೆಂಚಿನ ಮೇಲೆ ಹಳದಿ ಶಾಲು.

"ಅಳಿಯಂದ್ರೇ, ಇದು ನನ್ನದಲ್ವಾ?"

ಅಳಿಯನಿಗೆ ಹೊರಗೆ ಹೋಗುವ ತಿರುವು ತಪ್ಪಿ, ಒಂದು ಸುತ್ತು ಹಾಕಿ ಅಲ್ಲಿಗೇ ಬಂದಿದ್ದೇವೆಂದು ಹೊಳೆಯಿತು. ಒಪ್ಪಿಕೊಂಡರೆ ಕಾರು ಕೈಬಿಟ್ಟಂತೆಯೇ. ದನಿ ತಗ್ಗಿಸಿದ.

"ಮುಟ್ಟಬೇಡಿ ಅತ್ತೆ. ಇಲ್ಲಿ ಮುಳುಗಿ ಸತ್ತ ಅಜ್ಜಿ ಒಬ್ಬಳಿದ್ದಾಳಂತೆ. ಬಿಟ್ಟುಹೋದದ್ದನ್ನ ಹಿಂದೇನೇ ತಂದುಕೊಡ್ತಾಳಂತೆ."

"ಅಯ್ಯೋ! ಕರ್ಕೊಂಡು ಬರೋ ಮುಂಚೆ ಹೇಳೋದಲ್ವಾ!"

ಶಾಲನ್ನು ಅಲ್ಲೇ ಬಿಟ್ಟು ಅತ್ತೆ ಓಡಿದ ಓಟಕ್ಕೆ ಹಲಗೆಗಳು ನಡುಗಿದವು. ಅಳಿಯನಿಗೆ ಒಳಗೊಳಗೇ ನಗು. ಆದರೆ ಇಬ್ಬರೂ ದಾಟಿ ಬಂದ ಮೇಲೂ ಹಿಂದೆ ಹಲಗೆಗಳು ಕಿರಗುಟ್ಟುತ್ತಲೇ ಇದ್ದವು. ಗಾಳಿ ಇರಬೇಕು ಅಂದುಕೊಂಡ. ಗಾಳಿ ಇರಲಿಲ್ಲ.

ಈ ಸಲ ತಿರುವು ಸಿಕ್ಕಿತು. ಗೇಟು ದಾಟುತ್ತಲೇ ಅತ್ತೆ ಇಳಿದೇಬಿಟ್ಟರು.

"ಕಾರು ನೀವೇ ಇಟ್ಕೊಳ್ಳಿ. ಅವಳ ಕಣ್ಣು ಬಿದ್ದ ಗಾಡಿ ನನಗೆ ಬೇಡವೇ ಬೇಡ. ನಾನು ಬಸ್ಸಲ್ಲಿ ಹೋಗ್ತೀನಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಅಳಿಯ ಶಿಳ್ಳೆ ಹೊಡೆಯುತ್ತ ಗೇರು ಹಾಕಿದ. ಕಾವಲುಗಾರ ಬಂದು ಗಾಜು ತಟ್ಟಿದ.

"ದಾರಿ ತಪ್ಪಿ ಎರಡು ಸುತ್ತು ಹೊಡೆದ್ರಲ್ಲ ಸಾರ್?"

ಪುಣ್ಯಕ್ಕೆ ಅತ್ತೆ ದೂರ ಹೋಗಿದ್ದರು. "ಹೌದಪ್ಪಾ, ಯಾರಿಗೂ ಹೇಳಬೇಡ."

"ನಾನ್ಯಾಕೆ ಹೇಳ್ಲಿ? ಆದ್ರೆ ಹಿಂದಿನ ಸೀಟಲ್ಲಿ ಹಳದಿ ಶಾಲು ಹೊದ್ಕೊಂಡು ಕೂತಿದ್ದಾರಲ್ಲ, ಆ ಅಜ್ಜಿಗೂ ಬೆಲ್ಟ್ ಹಾಕ್ಸಿ. ಪಾಪ, ಪೂರ್ತಿ ನೆಂದುಬಿಟ್ಟಿದ್ದಾರೆ."