ದೊಡ್ಡ ಟೈರು, ಖಾಲಿ ಸೀಟು

ನಗೋ ಅಂಥ ಸಂಗತಿ ಒಬ್ಬೊಬ್ಬರಿಗೆ ವರ್ಷಕ್ಕೊಂದು ಆಗ್ತದಂತೆ. ನನಗೆ ವಾರಕ್ಕೆರಡು! ಸುಳ್ಳಲ್ಲ ಸ್ವಾಮಿ, ಆ ಗಾಡಿ ಸ್ಟೇರಿಂಗು ಹಿಡಿದ ದಿನದಿಂದ ಒಂದರ ಬಾಲ ಹಿಡ್ಕೊಂಡು ಇನ್ನೊಂದು ಬರ್ತಾನೇ ಇತ್ತು. ತೊಂದ್ರೆ ಏನಪ್ಪಾ ಅಂದ್ರೆ, ಪಕ್ಕದಲ್ಲಿ ಕೂತು ನಗೋಕೆ ಒಬ್ಬರೂ ಇರ್ತಿರ್ಲಿಲ್ಲ. ನಾನೊಬ್ನೇ ನಕ್ಕು, ನಾನೊಬ್ನೇ ಸುಮ್ಮನಾಗ್ಬೇಕು.

ನಮ್ಮೂರು ಉಮ್ಮತ್ತೂರು. ಮನೇಲಿ ಹನ್ನೊಂದು ಜನ. ಹನ್ನೊಂದು ಜನಾನೂ ಒಟ್ಟಿಗೇ ಮಾತಾಡೋರು, ಕೇಳೋರು ಯಾರೂ ಇಲ್ಲ. ಅಂಥ ಮನೇಲಿ ಬೆಳೆದೋನ್ನ ಚಾಮರಾಜನಗರದ ಸಾವ್ಕಾರ್ರು ತಗೊಂಡೋಗಿ ಗುಂಡ್ಲುಪೇಟೆ ಗೋಡೌನಿನ ಪಕ್ಕ ಒಂದು ಕೋಣೇಲಿ ಇಟ್ಬುಟ್ರು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬೆಲ್ಲ ಹೊಡಿಯೋದು, ಅಲ್ಲಿಂದ ಉಪ್ಪು, ಸೀಮೆಎಣ್ಣೆ ತರೋದು, ಅದನ್ನ ಹಂಗಳದ ಆಚೆ ಕಾಡಂಚಲ್ಲಿ ಮರ ಕಡಿಯೋ ಆಳುಗಳಿಗೆ ಮುಟ್ಸೋದು. ಇಷ್ಟೇ ಕೆಲಸ. ಇಡೀ ದಿನ ಒಬ್ನೇ. ನನ್ನ ಜೊತೆ ಮಾತಾಡ್ತಿದ್ದೋನು ಅಂದ್ರೆ ಓಟ್ಲು ಸಪ್ಲೈಯರು, ಅದೂ ದಿನಕ್ಕೆ ಎರಡೇ ಮಾತು. "ಇಡ್ಲಿ ಎಷ್ಟು?" ಒಂದು. "ಸಾಕಾ?" ಎರಡು. "ಸಾಕು ಕಣಣ್ಣ, ಅಂದಂಗೆ ನಿಮ್ಮೂರು ಯಾವ್ದು?" ಅಂತ ನಾನು ಕೇಳೋದ್ರೊಳಗೆ ಆಚೆ ಟೇಬಲ್ಲಲ್ಲಿ ಇನ್ನೊಬ್ಬನಿಗೆ "ಇಡ್ಲಿ ಎಷ್ಟು?" ಅಂತಿದ್ದ.

ಮೂರು ಮೈಲಿ ಉಳಿತಾಯ

ಗಾಡಿ ಅಂದ್ರೆ ಯುದ್ಧ ಮುಗಿದ್ಮೇಲೆ ಮಿಲಿಟ್ರಿಯೋರು ಹರಾಜು ಹಾಕಿದ್ದ ಪಿಕಪ್ಪು. ಮುಂದೆ ಇಬ್ರು ಕೂರೋ ಸೀಟು, ಹಿಂದೆ ಸಾಮಾನು ತುಂಬೋಕೆ ತೆರೆದ ತೊಟ್ಟಿ. ಟೈರು ಸವೆದೂ ಸವೆದೂ ಒಳಗಿನ ನೂಲು ಕಾಣ್ತಿತ್ತು. ಆ ಸೈಜು ಎಲ್ಲಿ ಹುಡುಕಿದ್ರೂ ಇಲ್ಲ. ಸಾವ್ಕಾರ್ರು ಯಾವ್ದೋ ದೊಡ್ಡ ಮಿಲಿಟ್ರಿ ಲಾರೀದು ನಾಲ್ಕು ಟೈರು ಹೊಂಚಿ ತಂದ್ರು. ಮಡ್ಗಾರ್ಡು ಕತ್ತರಿಸಿ ಹಾಕಿದ್ದಾಯ್ತು. ಗಾಡಿ ಎದ್ದು ನಿಂತದ್ದು ನೋಡ್ಬೇಕಿತ್ತು ನೀವು! ಗಿಡ್ಡ ಆಸಾಮಿ ಮರಗಾಲು ಕಟ್ಕೊಂಡಂಗೆ!

ಮೊದಲ್ನೇ ಟ್ರಿಪ್ಪು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗಿ ಮೀಟರು ನೋಡ್ತೀನಿ, ಹತ್ತೊಂಬತ್ತು ಮೈಲಿ ಅಂತದೆ! ಯಾವಾಗ್ಲೂ ಇಪ್ಪತ್ತೆರಡು ತೋರಿಸ್ತಿದ್ದ ಮೀಟರು. ಕೆಟ್ಟೋಯ್ತು ಅಂತ ಎದೆ ಹೊಡ್ಕೊಂಡು ಸಾವ್ಕಾರ್ರ ಹತ್ರ ಓಡ್ದೆ. ಅವರು ಬಗ್ಗಿ ಮೀಟರು ನೋಡಿದ್ರು, ಟೈರು ನೋಡಿದ್ರು, ಮೀಸೆ ತಿರುವಿದ್ರು.

"ಕೆಟ್ಟಿಲ್ಲ ಕಣ್ಲಾ ಪೆದ್ದ! ಟೈರು ದೊಡ್ದಾಯ್ತು, ಅದಕ್ಕೆ ದಾರಿ ಕಮ್ಮಿ ಆಯ್ತು. ಓಗ್ತಾ ಮೂರು, ಬರ್ತಾ ಮೂರು, ಆರು ಮೈಲಿ ಉಳೀತು!"

ಚಕ್ರ ದೊಡ್ಡದಾದ್ರೆ ಸುತ್ತೋದು ಕಮ್ಮಿ, ಮೀಟರು ಎಣ್ಸೋದೂ ಕಮ್ಮಿ, ರಸ್ತೆ ಮಾತ್ರ ಅಷ್ಟೇ ಇರ್ತದೆ ಅಂತ ಹೇಳೋಕೆ ಹೋದೆ. ಕೇಳೋರ್ಯಾರು? ಆವತ್ತು ಸಾಯಂಕಾಲ ಅಂಗಡಿ ಜಗುಲೀಲಿ ಕೂತು ಬಂದೋರಿಗೆಲ್ಲಾ ಹೇಳ್ತಿದ್ರು: "ಗುಂಡ್ಲುಪೇಟೆ ಈಗ ಮೊದಲಷ್ಟು ದೂರ ಇಲ್ಲ ಕಣ್ರಯ್ಯ. ನಾನೇ ಮೂರು ಮೈಲಿ ಹತ್ರಕ್ಕೆ ಎಳ್ಸಿದ್ದೀನಿ."

ಮೂತಿ ಒಂದು ಕಡೆ

ಮೈಲಿ ಉಳೀತು, ಬಲ ಹೋಯ್ತು! ಹಂಗಳ ದಾಟಿ ಒಂದು ಏರು ಇದೆ. ಉಪ್ಪಿನ ಮೂಟೆ ಹಾಕ್ಕೊಂಡು ಆ ಏರಿಗೆ ಹೋದ್ರೆ ಅರ್ಧಕ್ಕೇ ಇಂಜಿನ್ನು ಕೆಮ್ಮಿ ಕೆಮ್ಮಿ ಸತ್ತೋಗ್ತಿತ್ತು. ಅಲ್ಲೇ ದನ ಕಾಯ್ತಿದ್ದ ನಾಲ್ಕು ಜನ ಬಂದು ತಳ್ಳಬೇಕು. ಸಾವ್ಕಾರ್ರಿಗೆ ವಿಷಯ ಮುಟ್ಟಿತು. ಹುಕುಂ ಆಯ್ತು.

"ಗಾಡಿ ತಾನಾಗೇ ಆ ಏರು ಅತ್ತೋವರ್ಗೂ ಪಕ್ಕದ ಸೀಟಲ್ಲಿ ಒಂದು ನೊಣಾನೂ ಕೂರಿಸ್ಬ್ಯಾಡ. ಭಾರ! ಅತ್ತಿದ ದಿನ, ಯಾರ್ನಾದ್ರೂ ಕೂರಿಸ್ಕೊ, ಊರೆಲ್ಲಾ ಮಾತಾಡ್ಕೊಂಡು ಓಗು."

ಅಷ್ಟೇ ಸ್ವಾಮಿ, ಆವತ್ತಿಂದ ನನಗೆ ಅದೊಂದೇ ಧ್ಯಾನ. ಆ ಏರು ಹತ್ಬೇಕು, ಆ ಸೀಟು ತುಂಬ್ಬೇಕು!

ರಿವರ್ಸಲ್ಲಿ ಎಳ್ತ ಜಾಸ್ತಿ ಅಂತ ಯಾರೋ ಅಂದದ್ದು ನೆನಪಾಯ್ತು. ಏರಿನ ಬುಡದಲ್ಲಿ ಗಾಡಿ ತಿರುಗಿಸಿ, ಕತ್ತು ಆಚೆ ಹಾಕಿ, ಹಿಂದು ಹಿಂದಕ್ಕೇ ಹತ್ತಿಸ್ತಾ ಹೊರಟೆ. ಹತ್ತಾ ಇದೆ! ಮೆಲ್ಲಗೆ, ಆಮೆ ನಡೆದಂಗೆ, ಆದ್ರೆ ಹತ್ತಾ ಇದೆ! ಅಷ್ಟರಲ್ಲಿ ಧಡ್ ಅಂತು. ನೋಡಿದ್ರೆ, ರಸ್ತೆ ಪಕ್ಕ ನಿಂತಿದ್ದ ಒಬ್ಬ ಗೌಡ ಗಂಟು ಸಮೇತ ಬಾಗಿಲು ತೆಗೆದು ಹತ್ತಿ ಪಕ್ಕದಲ್ಲಿ ಕೂತವ್ನೆ! ನಾನಂತೂ ಕೂರಿಸ್ಲಿಲ್ಲ, ಅವನೇ ಕೂತದ್ದು. ಹುಕುಂ ಮುರಿದಂಗಾಗ್ಲಿಲ್ಲ ಅಂತ ಖುಷಿಯಾಗಿ ಶುರು ಮಾಡ್ದೆ. ಉಮ್ಮತ್ತೂರಿನ ಕೆರೆ, ನಮ್ಮತ್ತೆ ಮದುವೆ, ಎಲ್ಲಾ! ಕತ್ತು ಹಿಂದಕ್ಕೆ, ಮಾತು ಮುಂದಕ್ಕೆ. ಗೌಡ ಮುಂದಿನ ಗಾಜಲ್ಲೇ ನೋಡ್ತಾ ನೋಡ್ತಾ ಹುಬ್ಬು ಗಂಟು ಹಾಕ್ದ.

"ಅಲ್ಲ ಕಣ್ಲಾ, ನಾನು ಗುಂಡ್ಲುಪೇಟೆಗೆ ಓಗ್ಬೇಕು. ಗಾಡಿ ಮೂತಿ ಗುಂಡ್ಲುಪೇಟೆ ಕಡೀಕೇ ಐತೆ ಅಂತ ಅತ್ತುದ್ರೆ, ಇದ್ಯಾಕ್ಲಾ ಗುಂಡ್ಲುಪೇಟೆ ದೂರ ದೂರ ಓಯ್ತಾ ಐತೆ?"

ಬಾಯಿ ತುಂಬ ನೀರು

ಗೌಡ ಇಳಿದು ಬೈಕೊಂಡು ನಡೆದೇ ಹೋದ. ಸೀಟು ಮತ್ತೆ ಖಾಲಿ. ಹಿಂದು ಹಿಂದಕ್ಕೆ ಹತ್ತೋ ಗಾಡೀಲಿ ಯಾರು ಕೂರ್ತಾರೆ? ನಾನು ಉಪ್ಪು ಮುಟ್ಟಿಸಿ, ಸೀದಾ ಗುಂಡ್ಲುಪೇಟೇಲಿ ಗಾಡಿ ರಿಪೇರಿ ಮಾಡೋ ಮೇಸ್ತ್ರಿ ಹತ್ರ ಹೋದೆ. ಹುಣಸೇಮರದ ಕೆಳಗೆ ಶೆಡ್ಡು, ಹಳೇ ಕೈ, ಮಾತು ಕಮ್ಮಿ. ಮೇಸ್ತ್ರಿ ಅಂದ್ರು:

"ಹಿಂದಿನ ಆಕ್ಸಲ್ ಮಧ್ಯ ಗಡಿಗೆ ಥರ ಉಬ್ಬೈತಲ್ಲಾ, ಅದರೊಳಗೆ ಒಂದು ದೊಡ್ಡ ಹಲ್ಲುಚಕ್ರ, ಒಂದು ಚಿಕ್ಕದು ಇರ್ತವೆ. ಆ ಜೋಡಿ ಬದಲಾಯಿಸ್ಬೇಕು. ಮೊದ್ಲು ಈಗ ಇರೋದು ಎಷ್ಟು ಸುತ್ತಿನದು ನೋಡನ."

ನೋಡೋದು ಹೆಂಗೆ ಅಂದ್ರೆ, ಹಿಂದಿನ ಚಕ್ರಗಳ್ನ ಜಾಕಿ ಮೇಲೆ ಎತ್ತಿ, ಚಕ್ರಕ್ಕೊಂದು ಸೀಮೆಸುಣ್ಣದ ಗೆರೆ, ಇಂಜಿನ್ನಿಂದ ಬರೋ ಉದ್ದನೇ ಶಾಫ್ಟಿಗೊಂದು ಗೆರೆ. ಶಾಫ್ಟು ಕೈಯಲ್ಲಿ ತಿರುಗಿಸ್ಬೇಕು. ಚಕ್ರ ಒಂದು ಸುತ್ತು ಬರೋದ್ರೊಳಗೆ ಶಾಫ್ಟು ಎಷ್ಟು ಸುತ್ತಿತು, ಅದೇ ಲೆಕ್ಕ. ನಾನು ಗಾಡಿ ಕೆಳಗೆ ಅಂಗಾತ ಮಲಗಿ ತಿರುಗಿಸೋದು, ಎಣ್ಸೋದು. ಮೇಸ್ತ್ರಿ ಚಕ್ರ ನೋಡೋದು.

"ಒಂದು... ಎರಡು... ಮೇಸ್ತ್ರಿ, ಎರಡು ಅಂದಾಗ ನೆನಪಾಯ್ತು, ನಮ್ಮನೇಲೂ ಎರಡು ಎಮ್ಮೆ ಅವೆ. ಒಂದಕ್ಕೆ ಕೊಂಬು..."

"ಎಷ್ಟಾಯ್ತಲಾ?"

ಎಷ್ಟಾಯ್ತೋ ಏನೋ! ಮತ್ತೆ ಮೊದ್ಲಿಂದ. ಈ ಸಲ ಮೂರಕ್ಕೆ ನಮ್ಮ ಮೂರು ಜನ ಚಿಕ್ಕಪ್ಪಂದಿರು ಬಂದ್ರು. ಹಿಂಗೇ ನಾಲ್ಕು ಸಲ ಆದ್ಮೇಲೆ ಮೇಸ್ತ್ರಿ ಚೊಂಬು ತಂದು ನನ್ನ ಬಾಯಿ ತುಂಬ ನೀರು ಹುಯ್ದು, "ನುಂಗ್ಬಾರ್ದು. ಒಂದೊಂದು ಸುತ್ತಿಗೂ ಕಾಲು ಎತ್ತಿ ನೆಲಕ್ಕೆ ಬಡಿ, ನಾನೇ ಎಣಿಸ್ತೀನಿ" ಅಂದ್ರು. ಸರಿ. ಧಪ್, ಧಪ್, ಧಪ್, ಧಪ್. ಚಕ್ರದ ಗೆರೆ ವಾಪಸ್ ಬಂತು. ಮೇಸ್ತ್ರಿ ಬಗ್ಗಿ ಮುಖ ಒಳಗೆ ಹಾಕಿ, "ನಾಲ್ಕು!" ಅಂದ್ರು. ನನಗೆ ತಡೀಲಿಲ್ಲ ಸ್ವಾಮಿ! "ನಾಲ್ಕೇನಾ ಮೇಸ್ತ್ರಿ?" ಅಂದ್ಬುಟ್ಟೆ.

ಮೇಸ್ತ್ರಿ ಮುಖ ಒರೆಸ್ಕೊಂಡು, ಆರಿಹೋದ ಬೀಡಿ ಬಿಸಾಕಿ ಅಂದ್ರು: "ಗಾಡಿಗೆ ಹಲ್ಲುಚಕ್ರ ಆಮೇಲೆ ನೋಡನ. ಮೊದ್ಲು ನಿನ್ನ ಬಾಯಿಗೊಂದು ಬ್ರೇಕು ಹಾಕ್ಬೇಕು."

ಹೇಳದೇ ಇದ್ದ ಒಂದು ಮಾತು

ಮೇಸ್ತ್ರಿ ಹತ್ರ ಹರಾಜಿನ ಸಾಮಾನಲ್ಲಿ ಎರಡು ಜೋಡಿ ಇದ್ವು. ಒಂದು ಐದು ಸುತ್ತಿನದು, ಇನ್ನೊಂದು ಆರು ಸುತ್ತಿನದು.

"ನೋಡು, ಟೈರು ದೊಡ್ಡದಾದ್ರೆ ಗಾಡಿ ಹೆಜ್ಜೆ ದೊಡ್ಡದಾಯ್ತದೆ. ಮೂಟೆ ಹೊತ್ಕೊಂಡು ದೊಡ್ಡ ಹೆಜ್ಜೆ ಇಟ್ಟು ಏರು ಹತ್ತೋಕಾಯ್ತದಾ? ಹೆಜ್ಜೆ ಚಿಕ್ಕದು ಮಾಡ್ಬೇಕು. ನಾಲ್ಕು ತೆಗೆದು ಐದು ಹಾಕನ."

"ಐದು ಹಾಕುದ್ರೆ ಗ್ಯಾರಂಟಿ ಹತ್ತುತ್ತದಾ?"

"ಹತ್ಬೇಕು."

ಈ 'ಹತ್ಬೇಕು' ನನಗೆ ಸರಿಬರ್ಲಿಲ್ಲ. "ಆರು ಹಾಕುದ್ರೆ?"

"ಮರ ತೋರ್ಸುದ್ರೂ ಹತ್ತುತ್ತದೆ. ಆದ್ರೆ ಬಯಲಲ್ಲಿ ಹೆಜ್ಜೆ ತೀರಾ ಚಿಕ್ಕದಾಗಿ ಇಂಜಿನ್ನು ಬಡ್ಕೊಳ್ತದೆ. ಬೇಡ ಕಣ್ಲಾ."

ಸೀಟಿನ ಆಸೆ ನೋಡಿ! ಮುಂದಿನ ಟ್ರಿಪ್ಪಲ್ಲಿ ಚಾಮರಾಜನಗರಕ್ಕೆ ಹೋದಾಗ ಸಾವ್ಕಾರ್ರನ್ನೇ ಕೇಳ್ದೆ. ಅವರು ಒಂದು ಗಳಿಗೇನೂ ಯೋಚಿಸ್ಲಿಲ್ಲ. "ಆರು ಇರೋವಾಗ ಐದು ಯಾಕ್ಲಾ ತರ್ತೀಯ?"

ಆರು ಹಾಕಿದ್ದಾಯ್ತು. ಉಪ್ಪು ತುಂಬ್ಕೊಂಡು ಹಂಗಳದ ಆಚೆ ಹೋದೆ. ಏರಿನ ಹತ್ರ ದನ ಕಾಯೋ ನಾಲ್ಕು ಜನ ಗಾಡಿ ನೋಡಿದ್ದೇ, ಅಭ್ಯಾಸ ನೋಡಿ, ಪಂಚೆ ಎತ್ತಿ ಕಟ್ಟಿ, ಗಾಡಿ ಹಿಂದೆ ಬಂದು ಕೈ ಇಟ್ಟು, ಮೈಯೆಲ್ಲಾ ಬಲ ಹಾಕಿ "ಐಸಾ" ಅಂದ್ರು. ಅದೇ ಗಳಿಗೆಗೆ ನಾನು ಕ್ಲಚ್ಚು ಬಿಟ್ಟೆ. ಗಾಡಿ ಜಿಗಿದು ಹೊರಟೇ ಹೋಯ್ತು! ತಿರುಗಿ ನೋಡಿದ್ರೆ ನಾಲ್ಕು ಜನಾನೂ ಸಾಲಾಗಿ ಬೋರಲು ಬಿದ್ದವ್ರೆ, ದೇವರಿಗೆ ಉದ್ದಂಡ ಹಾಕಿದಂಗೆ.

ಅವರಲ್ಲಿ ಹಿರೀಕ ಧೂಳು ಉಗಿದು ಕೂಗ್ದ: "ಲೋ ಡ್ರೈವರಪ್ಪ! ಬೇಡ್ದೇ ಇದ್ದುದ್ದೆಲ್ಲಾ ವದರ್ತಿದ್ದೆ. ಏಳ್ಬೇಕಾದ ಒಂದು ಮಾತು ಇವತ್ತೇ ನುಂಗ್ಬುಟ್ಟಲ್ಲೋ!"

ಮೊದಲ್ನೇ ಪ್ಯಾಸೆಂಜರು

ಆವತ್ತಿಂದ ಆ ನಾಲ್ಕು ಜನ ಗಾಡಿ ಹತ್ರಾನೇ ಬರೋದು ಬಿಟ್ರು. ಹೋಗ್ಲಿ, ನನಗೆ ಸೀಟಿನ ಪರ್ಮಿಷನ್ನು ಸಿಕ್ಕಿತ್ತಲ್ಲಾ! ಮಾರನೇ ಬೆಳಗ್ಗೆ ಸೀಟು ಒರೆಸಿ, ಗೋಣಿಚೀಲ ಮಡಿಸಿ ಮೆತ್ತಗೆ ಹಾಸಿ, ಬೆಲ್ಲ ತುಂಬ್ಕೊಂಡು ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಮುಂದೆ ನಿಂತೆ. ಬಸ್ಸು ತಪ್ಪಿಸ್ಕೊಂಡ ಒಂದು ಅಜ್ಜಿ ಬಂತು. ಹರದನಹಳ್ಳಿಗೆ ಹೋಗ್ಬೇಕಂತೆ, ಚಾಮರಾಜನಗರದವರೆಗೆ ಬಿಟ್ರೆ ಸಾಕಂತೆ. ಕೈ ಹಿಡಿದು ಮೇಲಕ್ಕೆ ಎತ್ತಿ ಕೂರಿಸ್ದೆ. ದೇವರನ್ನ ಕೂರಿಸಿದಂಗೆ!

ಗಾಡಿ ಹೊರಟಿತು. ಇಂಜಿನ್ನು ಬಡ್ಕೊಳ್ಳೋಕೆ ಶುರು ಮಾಡ್ತು. ಬಡ್ಕೊಳ್ಳೋದು ಅಂದ್ರೆ ಗಿರಣಿ ಒಳಗೆ ತಲೆ ಇಟ್ಟಂಗೆ! ಅಷ್ಟು ಬಡ್ಕೊಂಡ್ರೂ ಓಟ ಇಲ್ಲ. ಟಪಾಲಿನೋನು ಸೈಕಲಲ್ಲಿ ನಮ್ಮನ್ನ ದಾಟ್ಕೊಂಡು ಹೋದ. ನನಗೇನು? ನಿಧಾನ ಆದಷ್ಟೂ ಮಾತಿಗೆ ಟೈಮು ಜಾಸ್ತಿ! ಎಷ್ಟು ತಿಂಗಳ ಮಾತು ಸ್ವಾಮಿ, ಕಟ್ಟೆ ಒಡೆದಂಗೆ ಹರೀತು. ನಮ್ಮನೆ ಹನ್ನೊಂದು ಜನಾನೂ ಹೇಳ್ದೆ. ಆಮೇಲೆ, ಯಾರಿಗೂ ಹೇಳದೇ ಇದ್ದದ್ದನ್ನೂ ಹೇಳಿಬಿಟ್ಟೆ. ಕೋಣೇಲಿ ಒಬ್ನೇ ಇದ್ದಾಗ ಗೋಡೌನಿನ ಬೀಗಕ್ಕೆ "ಏನಣ್ಣ, ಊಟ ಆಯ್ತಾ?" ಅಂತ ಕೇಳ್ತೀನಿ ಅಂತ. ಭಾನುವಾರ ಬಂದ್ರೆ ಭಯ ಆಗ್ತದೆ, ಆವತ್ತು ಓಟ್ಲೂ ಬಾಗಿಲು ಹಾಕಿರ್ತದೆ ಅಂತ. ಹೇಳ್ತಾ ಹೇಳ್ತಾ ಕಣ್ಣಲ್ಲಿ ನೀರು ಬಂತು. ಅಜ್ಜಿ ನನ್ನ ಕಡೆ ನೋಡ್ತಾ ತಲೆ ಆಡಿಸ್ತಾನೇ ಇತ್ತು, ಆಡಿಸ್ತಾನೇ ಇತ್ತು. ಅಬ್ಬಾ, ಎಷ್ಟು ಅರ್ಥ ಮಾಡ್ಕೊಳ್ತದಪ್ಪಾ ಅನ್ನಿಸ್ತು. ರಸ್ತೆ ತುಂಬ ಗುಂಡಿ ಇತ್ತು ಅನ್ನೋದು ನನಗೆ ಹೊಳೀಲೇ ಇಲ್ಲ.

ಚಾಮರಾಜನಗರ ಬಂತು. ಇಂಜಿನ್ನು ಆಫ್ ಮಾಡ್ದೆ. ಆ ಸದ್ದಿಲ್ಲದ ಗಳಿಗೇಲಿ ಕಣ್ಣು ಒರೆಸ್ಕೊಂಡು, "ನೀನೇನಂತೀಯಜ್ಜಿ?" ಅಂದೆ.

ಅಜ್ಜಿ ಎರಡೂ ಕಿವೀಲಿ ಬೆರಳು ಹಾಕಿ ಅಲ್ಲಾಡ್ಸಿ, ನನ್ನ ಗದ್ದ ಹಿಡೀತು.

"ಬಾಳ ಒಳ್ಳೆ ಹೈದ ಕಣ್ ಕೂಸೆ ನೀನು! ಬಸ್ಸಲ್ಲಿ ಓದ್ರೆ ಡ್ರೈವರು ಕಂಡಕ್ಟ್ರು ವಟವಟಾ ಅಂತ ತಲೆ ತಿಂತರೆ. ನೀನು ಗುಂಡ್ಲುಪೇಟೆ ಬುಟ್ಟಾಗ್ಲಿಂದ ಕಣ್ಣಲ್ಲಿ ನೀರು ಸುರಿಸ್ಕಂಡು, ತುಟಿ ಒಳಗೇ ದೇವ್ರ ಜಪ ಮಾಡ್ಕಂಡು ಬಂದೆ. ಒಂದು ಮಾತು ಆಡುದ್ಯಾ? ಊಹೂಂ! ಪಾಪ, ಬಾಯಿಲ್ದೋನು. ನಮ್ಮೂರಲ್ಲಿ ಎಲ್ಲಾರ್ಗೂ ಏಳ್ತೀನಿ."

"ಅಯ್ಯೋ ಅಜ್ಜಿ, ಅಂಗಲ್ಲ, ನಾನು..."

ಅಜ್ಜಿ ನನ್ನ ಬಾಯಿ ಮೇಲೆ ಕೈ ಇಟ್ಬುಡ್ತು.

"ಬ್ಯಾಡ ಕೂಸೆ. ಅಭ್ಯಾಸ ಇಲ್ದೋನು, ನನಗೋಸ್ಕರ ಕಷ್ಟಪಟ್ಟು ಮಾತಾಡ್ಬ್ಯಾಡ."