ಗಾಲಿ ಇದ್ದ ಯಂತ್ರ, ಗಾಲಿ ಇಲ್ಲದ ಮಂಚ

ಅಳಬೇಕಾದ ಹೊತ್ತಿಗೇ ನಗು ಬರುವ ಜಾಗವೆಂದರೆ ದವಾಖಾನೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಕಡೆ ದವಾಖಾನೆಗಳ ಮುಂದೆ ಧರಣಿ ಕೂತವನು ನಾನು. ಇಂಥವನ್ನು ನೋಡುತ್ತಲೇ ಇದ್ದೇನೆ. ಇದು ಯಾವ ಊರಿನಲ್ಲಿ ನಡೆಯಿತೆಂದು ಮಾತ್ರ ಹೇಳುವುದಿಲ್ಲ. ನನ್ನ ಅಕ್ಕ ಹುಬ್ಬಳ್ಳಿಯ ದಾರಿಯಲ್ಲಿ ಆಂಬುಲೆನ್ಸಿನೊಳಗೆ ತೀರಿಕೊಂಡಳು. ಅಲ್ಲಿಯವರೆಗೂ ನಮ್ಮನ್ನು ನಗಿಸಿದಳು. ಅದನ್ನಷ್ಟೇ ಬರೆಯುತ್ತೇನೆ. ನಡುವೆ ಸಿಟ್ಟು ಬಂದರೆ ಬರಲಿ.

ಅರಿಷಿಣ

ಮೊದಲು ಬಲಪಕ್ಕೆಯ ಕೆಳಗೆ ನೋವು, ಆಮೇಲೆ ಮೈಯೆಲ್ಲ ತುರಿಕೆ, ಕೊನೆಗೆ ಕಣ್ಣು ಹಳದಿ. ಓಣಿಯವರೆಲ್ಲ "ಕಾಮಣಿ" ಅಂದರು. ಕಾಮಣಿ ಬಂದರೆ ನಮ್ಮಲ್ಲಿ ಡಾಕ್ಟರ ಬಳಿ ಹೋಗುವುದಿಲ್ಲ, ಗಿಡಮೂಲಿಕೆ ಕೊಡುವವರ ಮನೆಗೆ ಹೋಗುತ್ತಾರೆ. ನಾನು ಕೂಗಾಡಿದೆ. ಭಾಷಣ ಕೇಳಿದಂತೆ ಕೇಳಿಸಿಕೊಂಡು ಅಕ್ಕ ಮಾಸೂರಿನ ಬಸ್ಸು ಹತ್ತಿದಳು. ಸೊಪ್ಪಿನ ರಸ ಕುಡಿದು, ಉಪ್ಪು, ಎಣ್ಣೆ ಬಿಟ್ಟು, ಮೊದಲಿಗಿಂತ ಹಳದಿಯಾದಳು. ನೆರೆಮನೆಯ ಕಾಕು ಅವಳ ಕೈ ಹಿಡಿದು ಅತ್ತಳು.

"ಯಾಕ ಅಳ್ತಿ ಕಾಕು?" ಅಂದಳು ಅಕ್ಕ. "ನನ್ನ ಮದಿವ್ಯಾಗ ಅರಿಷಿಣ ಸಾಲಿದ್ದಿಲ್ಲ. ಉಳಿದಿದ್ದನ್ನ ದೇವರು ಈಗ ಹಚ್ಚಾಕತ್ತಾನ."

ಖಾಲಿ ಹೊಟ್ಟೆ

ಕೊನೆಗೆ ದವಾಖಾನೆಗೆ ಸೇರಿಸಿದೆವು. ಅಲ್ಲಿದ್ದವರು ಮೈಸೂರು ಕಡೆಯ ಎಳೆವಯಸ್ಸಿನ ಡಾಕ್ಟರಮ್ಮ. "ಪಿತ್ತಕೋಶದಲ್ಲಿ ಕಲ್ಲಿರಬಹುದು. ನಾಳೆ ಬೆಳಿಗ್ಗೆ ಸ್ಕ್ಯಾನ್ ಮಾಡ್ತೀನಿ. ಏನೂ ತಿನ್ನಿಸಬೇಡಿ. ತಿಂದರೆ ಆ ಚೀಲ ಮುದುಡಿಕೊಳ್ಳುತ್ತೆ, ಸರಿಯಾಗಿ ಕಾಣಲ್ಲ" ಎಂದು ಒತ್ತಿ ಹೇಳಿದರು.

ಬೆಳಿಗ್ಗೆ ಹೋಗಿ ನೋಡಿದರೆ ಕಾಕು ಗಿರ್ಮಿಟ್ಟಿನ ಪೊಟ್ಟಣ ಬಿಚ್ಚಿ ಅಕ್ಕನಿಗೆ ತುತ್ತು ಕೊಡುತ್ತಿದ್ದಾಳೆ.

"ಕಾಕು, ಉಪಾಸ ಇರಬೇಕಂತ ಹೇಳಿದ್ದಿಲ್ಲೇನ?"

"ಹೇಳಿದ್ರಪಾ. ಆದ್ರ ನನ್ನ ಸೊಸಿಗೆ ಸ್ಕ್ಯಾನ್ ಮಾಡೂ ಮುಂದ ತಂಬಿಗಿಗಟ್ಲೆ ನೀರು ಕುಡಿಸಿದ್ರು. ಖಾಲಿ ಹೊಟ್ಟ್ಯಾಗ ಮಿಷನ್ನಿಗೆ ಏನ್ ಕಾಣಿಸ್ತೈತಿ? ಏನರ ಇದ್ರಲ್ಲ ಕಾಣೂದು!"

ಸ್ಕ್ಯಾನು ಮರುದಿನಕ್ಕೆ ಹೋಯಿತು. ಆ ಒಂದು ದಿನ ಅಕ್ಕನಿಗೆ ಎಷ್ಟು ಬೇಕಾಗಿತ್ತೆಂದು ನಮಗಾರಿಗೂ ಗೊತ್ತಿರಲಿಲ್ಲ. ಡಾಕ್ಟರಮ್ಮ ತಲೆ ಮೇಲೆ ಕೈ ಇಟ್ಟುಕೊಂಡರು. ಅಕ್ಕ ಬಾಯಿ ಒರೆಸಿಕೊಂಡು ಸಮಾಧಾನ ಹೇಳಿದಳು: "ಬೈಬ್ಯಾಡ್ರಿ ಬಾಯಾರ. ಕಲ್ಲು ಕಾಣದಿದ್ರ ಹೋಗ್ಲಿ, ಗಿರ್ಮಿಟ್ಟು ಕಾಣ್ತೈತೇನ್ ನೋಡ್ರಿ."

ಮೆರವಣಿಗೆ

ಮರುದಿನ ನಡುಗಿಸುವ ಜ್ವರ. ಎದ್ದು ಕೂರಲು ಅಕ್ಕನಿಗೆ ಆಗಲಿಲ್ಲ. "ಪಿತ್ತದ ನಾಳ ಕಟ್ಟಿ ಕೀವಾಗಿರಬೇಕು. ಯಂತ್ರ ಇಲ್ಲಿಗೇ ತನ್ನಿ, ಮಂಚದ ಮೇಲೇ ನೋಡ್ತೀನಿ" ಅಂದರು ಡಾಕ್ಟರಮ್ಮ. ಗಾಲಿ ಇದ್ದ ಯಂತ್ರ ಅದು. ಅದನ್ನು ಈ ದವಾಖಾನೆಗೆ ತರಿಸಲೆಂದೇ ನಾವು ಬಿಸಿಲಿನಲ್ಲಿ ಧರಣಿ ಕೂತು ಬೆಂದಿದ್ದೆವು. ಬಂದ ಮೇಲೆ ದೊಡ್ಡ ಡಾಕ್ಟರು ಅದನ್ನು ಕೋಣೆಯಲ್ಲಿಟ್ಟು ಕೀಲಿ ಹಾಕಿದ್ದರು.

"ಹೊರಗ ತರಂಗಿಲ್ರಿ. ಭ್ರೂಣಲಿಂಗಪತ್ತೆ ಕಾಯ್ದೆ ಐತಿ" ಅಂದರು.

"ಸಾಹೇಬ್ರ, ಆಕಿಗೆ ಐವತ್ತು ದಾಟೇತ್ರಿ!"

"ಕಾಯ್ದೆ ವಯಸ್ಸು ಕೇಳಂಗಿಲ್ಲ."

ಶಾಲೆ ಬಿಟ್ಟವನಾದರೂ ಆ ಕಾಯ್ದೆಯನ್ನು ನಾನು ಓದಿದ್ದೇನೆ. ದವಾಖಾನೆಯ ಗೇಟು ದಾಟಿಸಬೇಡಿ ಎಂಬುದು ಅದರ ಅರ್ಥ. ಕೋಣೆಯ ಹೊಸ್ತಿಲು ದಾಟಿಸಬೇಡಿ ಎಂದಲ್ಲ. ಹೆಣ್ಣುಮಕ್ಕಳನ್ನು ಉಳಿಸಲು ಮಾಡಿದ ಕಾಯ್ದೆಯನ್ನು ಹೇಳಿ ಒಬ್ಬ ಹೆಣ್ಣುಮಗಳನ್ನು ಸಾಯಲು ಬಿಡುತ್ತಾರೆ. ಜಗಳವಾಡುತ್ತ ನಿಂತರೆ ಅಕ್ಕ ಹೋಗುತ್ತಾಳೆ. ಗಾಲಿ ಇದ್ದದ್ದು ಕದಲಲಿಲ್ಲ, ಗಾಲಿ ಇಲ್ಲದ ಮಂಚವೇ ಹೊರಟಿತು.

ನಮ್ಮ ಸಂಘಟನೆಯ ನಾಲ್ವರು ಹೆಗಲು ಕೊಟ್ಟರು. ಹೆಗಲ ಮೇಲೆ ಏನು ಬಿದ್ದರೂ ಅವರ ಬಾಯಲ್ಲಿ ಘೋಷಣೆ ತಾನಾಗಿ ಬರುತ್ತದೆ. "ಬೇಕೇ ಬೇಕು, ನ್ಯಾಯ ಬೇಕು!" ಮೇಲೆ ಬಿಳಿ ಚಾದರ, ಕೆಳಗೆ ನಾಲ್ಕು ಹೆಗಲು. ಹೊರಗೆ ಚೀಟಿಗೆ ಕಾಯುತ್ತಿದ್ದವರೆಲ್ಲ ಎದ್ದು ನಿಂತರು. ಒಬ್ಬ ಅಜ್ಜ ಟೋಪಿ ತೆಗೆದು ಕೈಮುಗಿದ.

ಚಾದರದೊಳಗಿಂದ ಅಕ್ಕನ ಕೈ ಮೇಲೆದ್ದಿತು. "ಕುಂದರ್ರಿ ಅಜ್ಜಾರ, ಕುಂದರ್ರಿ. ಇನ್ನಾ ಹೋಗಿಲ್ಲ."

ಕಲ್ಲು

ಕೋಣೆಯಲ್ಲಿ ಸ್ಕ್ಯಾನಿಗೆ ಬಂದ ಬಸುರಿಯರು ಕೂತಿದ್ದರು. ಡಾಕ್ಟರಮ್ಮ ಪಕ್ಕೆಲುಬಿನ ಕೆಳಗೆ ತಣ್ಣನೆಯ ಅಂಟು ಹಚ್ಚಿ, ಯಂತ್ರದ ಹಿಡಿಕೆ ಒತ್ತಿ, "ಉಸಿರು ಎಳ್ಕೊಳ್ಳಿ" ಅಂದರು. ಅಕ್ಕನ ಉಸಿರು ಅರ್ಧಕ್ಕೇ ನಿಂತಿತು.

"ನೋವಾಯ್ತಾ?"

"ಇಲ್ರಿ" ಅಂದಳು. ಕಣ್ಣಿನ ನೀರು ಕಿವಿಗೆ ಇಳಿಯುತ್ತಿತ್ತು.

ಚಹಾ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. "ಚೀಲದ ತುಂಬ ಕಲ್ಲು. ಒಂದು ಜಾರಿ ನಾಳದಲ್ಲಿ ಕೂತಿದೆ, ನಾಳ ಉಬ್ಬಿದೆ. ಈಗಲೇ ಹುಬ್ಬಳ್ಳಿಗೆ ಹೊರಡಿ, ತಡ ಆಗಿದೆ" ಅಂದರು ಡಾಕ್ಟರಮ್ಮ. ಇಷ್ಟೇ ಹೊತ್ತಿನ ಕೆಲಸಕ್ಕೆ ಆ ಕೀಲಿ, ಆ ಕಾಯ್ದೆ, ಆ ಹೆಗಲು!

ಗೆಳೆಯರು ಮಂಚ ಎತ್ತಲು ಬಗ್ಗಿದರು. "ತಡೀರಿ, ನನಗೂ ತೋರಿಸ್ರಿ" ಅಂದಳು ಅಕ್ಕ. ಡಾಕ್ಟರಮ್ಮ ಪರದೆ ತಿರುಗಿಸಿದರು. ಕಪ್ಪು ಚೀಲದೊಳಗೆ ಬೆಳ್ಳಗೆ ಹೊಳೆಯುವ ಸಾಲು. ಮಕ್ಕಳಾಗಲಿಲ್ಲವೆಂದು ಹರೆಯದಲ್ಲೇ ಅವಳನ್ನು ಹತ್ತಿಮತ್ತೂರಿನ ಗಂಡನ ಮನೆಯವರು ತವರಿಗೆ ಅಟ್ಟಿದ್ದರು. ಅವಳ ಹೊಟ್ಟೆಯನ್ನು ಯಾರೂ ಯಾವ ಯಂತ್ರದಲ್ಲೂ ನೋಡಿರಲಿಲ್ಲ.

"ಎಷ್ಟ್ ಅದಾವ್ರಿ?"

"ಎಣಿಸೋಕಾಗಲ್ಲಮ್ಮ."

ಅಕ್ಕ ನನ್ನ ಕಡೆ ತಿರುಗಿದಳು. ಹಳದಿ ಕಣ್ಣಿನಲ್ಲಿ ನಗು.

"ತಮ್ಮಾ, ಹತ್ತಿಮತ್ತೂರಿಗೆ ಫೋನ್ ಹಚ್ಚು. ಈಕಿ ಹೊಟ್ಟ್ಯಾಗ ಏನೂ ನಿಂದ್ರಂಗಿಲ್ಲ ಅಂತಿದ್ಲಲ್ಲ ನಮ್ಮತ್ತಿ, ತೊಟ್ಲಾ ತಗೊಂಡು ಬಾ ಅಂತ ಹೇಳು."