ಬೇಲಿ ಕಿತ್ತು ಯುರೋಪು ಕಟ್ಟಿದ್ದು

ಯುರೋಪಿನ ಒಂಬತ್ತು ದೇಶಗಳಿಗೆ ಸಾಧ್ಯವಾದದ್ದು ಕಾಪುವಿನ ಮೂರು ಮನೆಗಳಿಗೆ ಯಾಕೆ ಸಾಧ್ಯವಾಗಬಾರದು? ಈ ಪ್ರಶ್ನೆ ನನ್ನ ತಲೆಗೆ ಹೊಳೆದಾಗ ನಾನು ಅಂಗಳದಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಬಾಯಿ ಮುಕ್ಕಳಿಸಿ ಸುಮ್ಮನೆ ಒಳಗೆ ಹೋಗಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ನಾನು ಉಡುಪಿಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಉಪನ್ಯಾಸಕ. ಸುಮ್ಮನಿರುವುದು ನನಗೆ ಅಭ್ಯಾಸವಿಲ್ಲದ ವಿದ್ಯೆ.

ಅದು ಎಪ್ಪತ್ತರ ದಶಕದ ನಡುಭಾಗ. ಬಹಳ ಕಾಲ ಬಾಗಿಲಲ್ಲಿ ಕಾದಿದ್ದ ಬ್ರಿಟನ್ ಕೂಡ ಕಡೆಗೂ ಯುರೋಪಿನ ಸಾಮಾನ್ಯ ಮಾರುಕಟ್ಟೆಯ ಒಳಗೆ ಸೇರಿಕೊಂಡಿತ್ತು. ಹಿಂದಿನ ದಿನವಷ್ಟೇ ಮಣಿಪಾಲದಲ್ಲಿ ಈ ವಿಷಯದ ಮೇಲೆ ನನ್ನ ಭಾಷಣವಾಗಿತ್ತು. ನಿನ್ನೆ ಮೊನ್ನೆಯವರೆಗೆ ಒಬ್ಬರ ಮೇಲೊಬ್ಬರು ಬಾಂಬು ಹಾಕುತ್ತಿದ್ದ ದೇಶಗಳು ಕಲ್ಲಿದ್ದಲು ಮತ್ತು ಉಕ್ಕಿನಲ್ಲಿ ಒಂದಾದದ್ದು, ಆಮೇಲೆ ತಮ್ಮೊಳಗಿನ ಸುಂಕದ ಕಟ್ಟೆಗಳನ್ನು ಕಿತ್ತುಹಾಕಿದ್ದು, ಈಗ ರೈತನ ಗೋಧಿಗೂ ಬೆಣ್ಣೆಗೂ ಒಂದೇ ನೀತಿ ಮಾಡಿಕೊಂಡದ್ದು, ಎಲ್ಲವನ್ನೂ ಕೈ ಬೀಸಿ ಬೀಸಿ ವಿವರಿಸಿದೆ. "ಗಡಿಗಳು ಕರಗಲಿ, ಮನಸ್ಸುಗಳು ಬೆಸೆಯಲಿ!" ಎಂದು ಮುಗಿಸಿದಾಗ ಭಾರೀ ಚಪ್ಪಾಳೆ. ಒಂದು ಶಾಲು, ಒಂದು ಅನಾನಸು ಸಿಕ್ಕಿತು. ಶಾಲು ಹೊದ್ದವನಿಗೆ ಬುದ್ಧಿ ಕೊಂಚ ಬಿಸಿಯಾಗುತ್ತದೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಹಾಗೆ ಹಲ್ಲುಜ್ಜುತ್ತಾ ನೋಡಿದರೆ ಎದುರಿಗೇ ಬೇಲಿ! ನಮ್ಮದು ನಡುವಿನ ಮನೆ. ಬಡಗು ದಿಕ್ಕಿಗೆ ಕಮಲಕ್ಕನ ಮನೆ. ಗಂಡ ಹೆಚ್ಚು ಹೊತ್ತು ದೋಣಿಯಲ್ಲಿ, ಮನೆಯ ಸರ್ಕಾರ ಕಮಲಕ್ಕನ ಕೈಯಲ್ಲಿ. ತೆಂಕು ದಿಕ್ಕಿಗೆ ಮುಂಬಯಿಯ ಕಚೇರಿಯೊಂದರಿಂದ ನಿವೃತ್ತರಾಗಿ ಊರಿಗೆ ಬಂದು ಕೋಳಿ ಸಾಕುತ್ತಿದ್ದ ಫೆಲಿಕ್ಸ್ ಪೊರ್ಬುಗಳು. ಮೂರು ಮನೆಗಳ ನಡುವೆ ಬಿದಿರು ಮುಳ್ಳಿನ ಎರಡು ಬೇಲಿ. ಕಮಲಕ್ಕನ ಕಡೆಯ ಬೇಲಿಯ ನಡುವೆ ಒಂದು ತಡಮೆ. ಎಂದರೆ ದನ ದಾಟದಂತೆ, ಮನುಷ್ಯರು ಮಾತ್ರ ಕಾಲೆತ್ತಿ ದಾಟುವಂತೆ ಅಡ್ಡ ಹಾಕಿದ ಅಗಲವಾದ ಹಲಗೆ.

ಆ ತಡಮೆಯನ್ನು ಯಾರೂ ದಾಟುತ್ತಿರಲಿಲ್ಲ, ಅದು ಬೇರೆ ಮಾತು. ಪ್ರತಿ ಸಂಜೆ ನನ್ನ ಹೆಂಡತಿ ಸುಮತಿ ಈಚೆ, ಕಮಲಕ್ಕ ಆಚೆ ನಿಂತು ಲೋಕದ ಸಮಸ್ತ ವಿಚಾರಗಳನ್ನೂ ವಿಲೇವಾರಿ ಮಾಡುತ್ತಿದ್ದರು. ಆಚೆಯಿಂದ ಬಸಳೆ, ಬೂತಾಯಿ ಮೀನು ಬರುತ್ತಿತ್ತು. ಈಚೆಯಿಂದ ನುಗ್ಗೆ, ತೆಂಗಿನಕಾಯಿ ಹೋಗುತ್ತಿತ್ತು. ಲೆಕ್ಕವಿಲ್ಲ, ನೀತಿಯಿಲ್ಲ, ಪರಿಷತ್ತಿಲ್ಲ. ಎಂಥ ಅವೈಜ್ಞಾನಿಕ ವ್ಯವಸ್ಥೆ ಎಂದು ನನಗೆ ಮರುಕವಾಯಿತು.

ಆ ಭಾನುವಾರವೇ ನಮ್ಮ ಜಗಲಿಯಲ್ಲಿ ಶೃಂಗಸಭೆ ಕರೆದೆ. ಮನೆಗೊಬ್ಬರಂತೆ ಮಂತ್ರಿಗಳ ಪರಿಷತ್ತು; ಯಾರೊಬ್ಬರು ಬೇಡವೆಂದರೂ ನಿರ್ಣಯ ಬಿದ್ದುಹೋಗುತ್ತದೆ; ಅಧ್ಯಕ್ಷತೆ ಸರದಿಯ ಪ್ರಕಾರ, ಮೊದಲ ಸರದಿ ನನ್ನದು; ಸಲಹೆ ಸಿದ್ಧಪಡಿಸುವ ಆಯೋಗವೂ ಸದ್ಯಕ್ಕೆ ನಾನೇ, ಎಂದು ವಿವರಿಸಿದೆ.

"ಹಾಗಾದರೆ ನಾನೆಂತ?" ಎಂದು ಬಾಗಿಲಲ್ಲಿ ನಿಂತಿದ್ದ ಸುಮತಿ ಕೇಳಿದಳು.

"ನೀನು ಸಂಸತ್ತು."

"ಅದಕ್ಕೆ ಎಂತ ಕೆಲಸ?"

"ಚರ್ಚೆ ಮಾಡಬಹುದು. ಅಭಿಪ್ರಾಯ ಹೇಳಬಹುದು."

"ತೀರ್ಮಾನ?"

"ತೀರ್ಮಾನ ಪರಿಷತ್ತಿನದ್ದು. ಯುರೋಪಿನಲ್ಲೂ ಈಗ ಹಾಗೆಯೇ."

"ಇದರಲ್ಲಿ ಹೊಸತೆಂತ ಉಂಟು? ಮದುವೆಯಾದಂದಿನಿಂದ ಇದೇ ಅಲ್ವಾ!" ಎಂದು ಸಂಸತ್ತು ಒಳಗೆ ಹೋಯಿತು.

ಮೊದಲ ನಿರ್ಣಯ: ಬೇಲಿ ತೆಗೆಯುವುದು. ಪೊರ್ಬುಗಳು ಕನ್ನಡಕ ಏರಿಸಿಕೊಂಡು, "ಅಂದರೆ ಮಾಸ್ಟ್ರೇ, ಈ ವರ್ಷ ಬೇಲಿ ಕಟ್ಟುವ ಕೆಲಸ ಇಲ್ಲ ಅಂತಲಾ?" ಎಂದು ಕೇಳಿದರು. ಇಲ್ಲ ಎಂದೆ. "ಮುಂದಿನ ವರ್ಷ?" ಎಂದೆಂದಿಗೂ ಇಲ್ಲ ಎಂದೆ. "ಯುರೋಪಿನವರು ಬಹಳ ಬುದ್ಧಿವಂತರು ಮಾರಾಯ್ರೆ!" ಎಂದು ಅವರು ಕೈ ಎತ್ತಿಬಿಟ್ಟರು.

ಕಮಲಕ್ಕ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. "ಆ ಬೇಲಿ ನಿಮಗೆ ಎಂತ ಮಾಡಿತು ಮಾಸ್ಟ್ರೇ?" ಎಂದರು. ಉತ್ತರವಾಗಿ ನಾನು ಎರಡು ಮಹಾಯುದ್ಧಗಳ ಚರಿತ್ರೆ ಹೇಳತೊಡಗಿದೆ. ಒಂದನೆಯದು ಮುಗಿಯುವ ಮೊದಲೇ ಕಮಲಕ್ಕ, "ಆಯಿತು ಆಯಿತು, ತೆಗೆಯಿರಿ. ನನಗೆ ಒಲೆಯ ಮೇಲೆ ಸಾರು ಉಂಟು" ಎಂದು ಎದ್ದರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು!

ಎರಡನೆಯದು ಸಮಾನ ಕೃಷಿ ನೀತಿ. ಯಾವ ಮನೆಯಲ್ಲಿ ಏನು ಹೆಚ್ಚು ಬೆಳೆದರೂ ಉಳಿದ ಮನೆಗಳು ಅದನ್ನು ಸ್ವೀಕರಿಸಲೇಬೇಕು, ಬೇಡವೆನ್ನುವಂತಿಲ್ಲ. ಬೆಳೆಯುವವನಿಗೆ ಧೈರ್ಯ ಬರಬೇಕಾದರೆ ಇಂಥ ಭರವಸೆ ಬೇಕು ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಧೈರ್ಯ ಬಂದ ಮೇಲೆ ಏನಾಗುತ್ತದೆ ಎಂಬುದು ಮುಂದಿನ ಅಧ್ಯಾಯದಲ್ಲಿತ್ತು. ನಾನು ಅಲ್ಲಿಯವರೆಗೆ ಓದಿರಲಿಲ್ಲ.

ಬೇಲಿ ಕಿತ್ತೆವು. ಬಿದಿರು, ಮುಳ್ಳು, ತಡಮೆಯ ಹಲಗೆ ಎಲ್ಲವನ್ನೂ ಮೂರು ಪಾಲು ಮಾಡಿ ಬಚ್ಚಲೊಲೆಗೆ ಹಂಚಿಕೊಂಡೆವು. ಆ ಸಂಜೆ ಗಡಿಯನ್ನೇ ಉರಿಸಿ ಕಾಯಿಸಿದ ನೀರಿನಲ್ಲಿ ನಾನು ಮಿಂದದ್ದು ಹೇಗಿತ್ತು ಎಂದರೆ, ಚರಿತ್ರೆಯೇ ಬೆನ್ನುಜ್ಜಿದ ಹಾಗಿತ್ತು.

ಮರುದಿನ ಬೆಳಿಗ್ಗೆ ಮುಕ್ತ ಸಂಚಾರ ಆರಂಭವಾಯಿತು. ಯುರೋಪಿನಲ್ಲಿ ಕಾರ್ಮಿಕರು ಗಡಿ ದಾಟಿದರೆ ಕಾಪುವಿನಲ್ಲಿ ಮೊದಲು ದಾಟಿದ್ದು ಪೊರ್ಬುಗಳ ಕೋಳಿಗಳು. ಸುಮತಿ ನೀರು ಹೊಯ್ದು ಬೆಳೆಸಿದ್ದ ಹರಿವೆಯ ಮಡಿಯನ್ನು ಮಧ್ಯಾಹ್ನದೊಳಗೆ ಗುಡಿಸಿಟ್ಟವು. "ಆರಂಭದ ತೊಂದರೆಗಳು" ಎಂದೆ. ಸಂಸತ್ತು ಚರ್ಚೆಯನ್ನೇ ನಡೆಸದೆ ನನ್ನ ತಟ್ಟೆಗೆ ಬರೀ ಅನ್ನ ಬಡಿಸಿತು.

ಇದಕ್ಕಿಂತ ದೊಡ್ಡ ತೊಂದರೆ ಬಂದದ್ದು ಕಾಫಿಯಿಂದ. ನಮ್ಮ ಕಡೆ ಒಂದು ಕ್ರಮ ಉಂಟು. ಬೇಲಿಯ ಆಚೆ ನಿಂತವರು ನೆರೆಯವರು. ಅಂಗಳಕ್ಕೆ ಕಾಲಿಟ್ಟವರು ನೆಂಟರು. ನೆಂಟರನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಮೊದಲು ಒಂದು ತುಂಡು ಬೆಲ್ಲ ಮತ್ತು ನೀರು, ಆಮೇಲೆ ಕಾಫಿ, ಕಾಫಿಯ ಜೊತೆ ಕಡಿಯಲು ಏನಾದರೂ. ಬೇಲಿ ಹೋದ ಮೇಲೆ ಅಂಗಳ ಎಲ್ಲಿ ಮುಗಿಯುತ್ತದೆ ಎಂದು ಯಾರಿಗೂ ಗೊತ್ತಾಗದೆ, ಕಮಲಕ್ಕ ಮಾತಿಗೆ ಬಂದರೆ ಸುಮತಿ ಬೆಲ್ಲ ಹುಡುಕುವಳು. ಸುಮತಿ ಆಚೆ ಹೋದರೆ ಕಮಲಕ್ಕ ಒಲೆ ಊದುವರು. ಮೊದಲಾದರೆ ಮೀನು ತೊಳೆದ ಕೈಯಲ್ಲೇ, ಕೆದರಿದ ತಲೆಯಲ್ಲೇ ತಡಮೆಗೆ ಬಂದು ನಿಲ್ಲುತ್ತಿದ್ದ ಕಮಲಕ್ಕ ಈಗ ಸೀರೆ ಬದಲಾಯಿಸಿ ಬರತೊಡಗಿದರು. ಸೀರೆ ಬದಲಾಯಿಸಿ ಬಂದವರೊಡನೆ ಊರಿನ ಸುದ್ದಿ ಮಾತಾಡಲಾಗುತ್ತದೆಯೇ? ಇಬ್ಬರೂ ಮಳೆ ಬಿಸಿಲಿನ ಬಗ್ಗೆ ಮಾತಾಡಿ ಎದ್ದುಹೋಗುತ್ತಿದ್ದರು. ಕ್ರಮೇಣ ಅದೂ ನಿಂತಿತು. ಗಡಿ ತೆಗೆದ ಮೇಲೆ ಎರಡು ದೇಶಗಳ ನಡುವೆ ಮಾತುಕತೆ ನಿಂತುಹೋದ ಪ್ರಪಂಚದ ಮೊದಲ ಒಕ್ಕೂಟ ನಮ್ಮದೇ ಇರಬೇಕು!

ಈ ಮಧ್ಯೆ ಕೃಷಿ ನೀತಿ ಚಿಗುರತೊಡಗಿತು. ಸ್ವೀಕರಿಸುವವರು ಇದ್ದೇ ಇದ್ದಾರೆಂಬ ಧೈರ್ಯದಲ್ಲಿ ಮೂರು ಮನೆಯವರೂ ನೆಟ್ಟಿದ್ದು ಬಸಳೆ. ಚಪ್ಪರ ತುಂಬಿ, ಬಚ್ಚಲ ಹಂಚಿನ ಮಾಡು ಹತ್ತಿ, ಪೊರ್ಬುಗಳ ಕೋಳಿಗೂಡನ್ನು ಮುಚ್ಚಿತು. ಯುರೋಪಿನಲ್ಲಿ ಕೊಳ್ಳುವವರಿಲ್ಲದೆ ಬೆಣ್ಣೆಯ ಬೆಟ್ಟವೇ ಎದ್ದಿದೆ ಎಂದು ಪತ್ರಿಕೆಯಲ್ಲಿ ಓದಿ ನಕ್ಕಿದ್ದೆ. ನಮ್ಮ ಅಡುಗೆಮನೆಯಲ್ಲಿ ಬಸಳೆಯ ಬೆಟ್ಟ! ಸಿಗಡಿ ಹಾಕಿದ ಬಸಳೆ, ಹಲಸಿನ ಬೀಜ ಹಾಕಿದ ಬಸಳೆ, ಹೆಸರುಕಾಳು ಹಾಕಿದ ಬಸಳೆ, ಕೊನೆಗೆ ಏನೂ ಹಾಕದ ಬಸಳೆ. ಬೇಡವೆನ್ನುವಂತಿಲ್ಲ, ನೀತಿ ಮಾಡಿದವನು ನಾನೇ.

ಇನ್ನು ರಫ್ತು ಒಂದೇ ದಾರಿ ಎಂದು, ಕಮಲಕ್ಕ ಕಳಿಸಿದ ಬಸಳೆಯನ್ನು ಚೀಲದಲ್ಲಿ ತುಂಬಿ ಕಾಲೇಜಿಗೆ ಒಯ್ದೆ. ಕಲ್ಯಾಣಪುರದಿಂದ ಬರುವ ಸಹೋದ್ಯೋಗಿಯೊಬ್ಬರು ಚೀಲದ ಬಾಯಿ ನೋಡಿ, "ನಾನೇ ನಿಮಗೆ ಕೊಡಬೇಕೆಂದಿದ್ದೆ ಮಾರಾಯ್ರೆ" ಎಂದು ತಮ್ಮ ಮೇಜಿನ ಕೆಳಗಿಂದ ಇನ್ನೊಂದು ಕಟ್ಟು ತೆಗೆದರು. ಸಂಜೆ ಎರಡು ಪಾಲು ಬಸಳೆಯೊಂದಿಗೆ ಬಸ್ಸು ಹತ್ತಿದೆ. ಕಾಪುವಿನಲ್ಲಿ ಇಳಿಯುವಾಗ ಚೀಲವನ್ನು ಸೀಟಿನ ಕೆಳಗೆ ಮರೆತೆ. ಬಹಳ ಪ್ರಯತ್ನಪಟ್ಟು ಮರೆತೆ!

ಆದರೆ ನಮ್ಮ ಊರಿನ ಕಂಡಕ್ಟರುಗಳ ಪ್ರಾಮಾಣಿಕತೆ ನನ್ನ ಲೆಕ್ಕದಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ನಿಲ್ದಾಣದಲ್ಲಿ ನಿಂತಿದ್ದೇನೆ. ಪಕ್ಕದಲ್ಲಿ ಮೀನಿನ ಬುಟ್ಟಿಯೊಂದಿಗೆ ಕಮಲಕ್ಕ. ಬಸ್ಸು ಬಂದು ನಿಂತದ್ದೇ ತಡ, ಕಂಡಕ್ಟರು ಚೀಲ ಎತ್ತಿ ಹಿಡಿದು ಬಾಗಿಲಿಂದಲೇ ಕೂಗಿದ: "ಮಾಸ್ಟ್ರೇ, ನಿಮ್ಮ ಬಸಳೆ! ಬಾಡಬಾರದು ಎಂದು ರಾತ್ರಿ ನೀರು ಚಿಮುಕಿಸಿ ಇಟ್ಟಿದ್ದೆ!"

ಕಮಲಕ್ಕ ಚೀಲದೊಳಗೆ ಇಣುಕಿದರು. ತಾನು ಬಾಳೆನಾರಿನಲ್ಲಿ ಕಟ್ಟಿದ ಕಟ್ಟು ಅವರಿಗೆ ಗೊತ್ತಾಗದೇ ಇರುತ್ತದೆಯೇ? "ಬೇಡದಿದ್ದರೆ ಬೇಡ ಎಂದು ಹೇಳಬಹುದಿತ್ತು ಮಾಸ್ಟ್ರೇ" ಎಂದರು. ಅಷ್ಟೇ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್ಸು ಉಡುಪಿ ಮುಟ್ಟುವವರೆಗೆ ನನಗೆ ತಲೆ ಎತ್ತಲಾಗಲಿಲ್ಲ.

ಇಷ್ಟಾದರೂ ಹೇಗೋ ನಿಭಾಯಿಸಬಹುದಿತ್ತು. ಆದರೆ ಬೇಸಗೆ ಬಂತು. ನಮ್ಮದು ಸಮುದ್ರದ ಮಗ್ಗುಲಿನ ನೆಲ. ಸೆಕೆ ಏರಿದಂತೆ ನಮ್ಮ ಬಾವಿಯ ನೀರು ಉಪ್ಪಾಗುತ್ತದೆ. ಪೊರ್ಬುಗಳ ಬಾವಿ ತಳ ಕಾಣಿಸುತ್ತದೆ. ಸಿಹಿನೀರು ಉಳಿಯುವುದು ಕಮಲಕ್ಕನ ಬಾವಿಯಲ್ಲಿ ಮಾತ್ರ. ಪ್ರತಿ ಬೇಸಗೆಯಲ್ಲೂ ನಾವು ಕುಡಿಯುತ್ತಿದ್ದದ್ದು ಅದೇ ನೀರು. ಈ ವರ್ಷ ಅದು ಬರಲಿಲ್ಲ.

ಸುಮತಿ ಮಾಡಿದ ಕಾಫಿ ಬಾಯಿಗಿಟ್ಟರೆ ಅರಬ್ಬೀ ಸಮುದ್ರ. ಅನ್ನ ಉಪ್ಪು, ಗಂಜಿ ಉಪ್ಪು. "ಹೋಗಿ ಕೇಳಬಾರದೇ?" ಎಂದೆ.

"ಯಾವ ಮುಖದಿಂದ ಕೇಳಲಿ? ಅವಳ ಬಸಳೆಯನ್ನು ಬಸ್ಸಿನಲ್ಲಿ ಬಿಟ್ಟು ಬಂದವರ ಹೆಂಡತಿ ಎಂದು ಹೇಳಿಕೊಂಡು ಹೋಗಲಾ?" ಸುಮತಿಯ ಕಣ್ಣು ತುಂಬಿತು. "ನೀರು ಹಾಳಾಗಿ ಹೋಗಲಿ. ಅವಳೊಡನೆ ಒಂದು ಮಾತಾಡದೆ ಎಷ್ಟು ದಿನ ಆಯಿತು ಗೊತ್ತುಂಟಾ ನಿಮಗೆ?"

ಯುರೋಪು ಹಾಳಾಗಲಿ, ನಾನು ನನ್ನ ಹೆಂಡತಿಯ ಸಂಜೆಯನ್ನೇ ಕಿತ್ತು ಒಲೆಗೆ ಹಾಕಿದ್ದೆ. ಪೊರ್ಬುಗಳನ್ನು ಜೊತೆಗೆ ಕರೆದುಕೊಂಡು, ಪರಿಷತ್ತಿನ ತುರ್ತು ಸಭೆ ಎಂಬ ನೆಪದಲ್ಲಿ ಕಮಲಕ್ಕನ ಮನೆಗೆ ನಡೆದೆ. ಬೆಲ್ಲ ನೀರು ಬಂತು. ನೀರು ಎಷ್ಟು ಸಿಹಿ ಇತ್ತೆಂದರೆ ನಾನು ಬೆಲ್ಲ ಮುಟ್ಟದೆ ಎರಡು ತಂಬಿಗೆ ಕುಡಿದೆ.

"ಕಮಲಕ್ಕ, ತಪ್ಪು ನನ್ನದು. ಆ ಸಿಟ್ಟಿಗೆ ನೀರು ನಿಲ್ಲಿಸಬೇಡಿ" ಎಂದೆ.

ಕಮಲಕ್ಕ ಆಶ್ಚರ್ಯದಿಂದ ನನ್ನನ್ನೇ ನೋಡಿದರು. "ನೀರು ನಿಲ್ಲಿಸಿದ್ದು ಯಾರು? ಪ್ರತಿ ವರ್ಷ ಸುಮತ್ಯಕ್ಕ ಕೊಡಪಾನವನ್ನು ತಡಮೆಯ ಮೇಲೆ ಇಟ್ಟು ಹೋಗುವುದು, ನಾನು ಸೇದುವಾಗ ತುಂಬಿಸಿ ಅಲ್ಲೇ ಇಡುವುದು. ಅವರು ಕೇಳಿದ್ದೂ ಇಲ್ಲ, ನಾನು ಕೊಟ್ಟೆ ಎಂದದ್ದೂ ಇಲ್ಲ. ಈಗ ತಡಮೆಯೇ ಇಲ್ಲ. ಕೊಡಪಾನ ಇಡುವುದೆಲ್ಲಿ ಮಾಸ್ಟ್ರೇ?"

ಪೊರ್ಬುಗಳು ಕೆಮ್ಮಿದರು. ನಾನು ಮೂರನೆಯ ತಂಬಿಗೆಗೆ ಕೈ ಚಾಚಿದೆ. ಮಣಿಪಾಲದಲ್ಲಿ ಅಷ್ಟು ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರಾದರೂ ಈ ಪ್ರಶ್ನೆ ಕೇಳಿದ್ದರೆ ನಾನು ಅಲ್ಲಿಯೇ ಶಾಲು ಹಿಂದಿರುಗಿಸುತ್ತಿದ್ದೆ.

ಮನೆಗೆ ಬಂದು ವರದಿ ಒಪ್ಪಿಸಿದೆ. ಸಿಟ್ಟು ಬಂದಾಗಲೆಲ್ಲ ಕಾರ್ಕಳದ ತವರಿಗೆ ಹೋಗುತ್ತೇನೆ ಎನ್ನುವುದು ಸುಮತಿಯ ರೂಢಿ. ಈ ಸಲ ಅವಳು, "ಕಾರ್ಕಳಕ್ಕೆ ಹೋಗುವುದು ನಾನಲ್ಲ, ನೀವು. ಅಪ್ಪನ ಹಿತ್ತಿಲಲ್ಲಿ ಬಿದಿರು ಉಂಟು. ಕಡಿಸಿಕೊಂಡು ಬನ್ನಿ" ಎಂದಳು. ಅದು ಸಂಸತ್ತಿನ ಮೊದಲ ತೀರ್ಮಾನ. ಪರಿಷತ್ತು ಚಪ್ಪಲಿ ಮೆಟ್ಟಿಕೊಂಡು ಹೊರಟಿತು.

ಮಾವನವರು ನನ್ನ ಭಾಷಣದ ಸುದ್ದಿಯನ್ನು ಕಾರ್ಕಳವಿಡೀ ಹಂಚಿದ್ದರು. ಬಿದಿರು ಯಾಕೆಂದು ಕೇಳಿದರು. ಬೇಲಿಗೆ ಎಂದೆ. ಮಾವ, "ಅಳಿಯಂದ್ರೇ, ಮಣಿಪಾಲದಲ್ಲಿ ನೀವು ತೆಗೆಯಬೇಕು ಎಂದದ್ದು ಅದನ್ನೇ ಅಲ್ವಾ?" ಎಂದರು. ಬಿದಿರಿನ ಗಂಟು ಎಣಿಸುವವನಂತೆ ತಲೆ ತಗ್ಗಿಸಿದೆ.

ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪುವಿನ ಬಸ್ಸಿನ ಮಾಡಿಗೆ ಬಿದಿರು ಏರಿಸುವಾಗ ಅದೇ ಕಂಡಕ್ಟರು! "ಎಂತ ಮಾಸ್ಟ್ರೇ, ಇವತ್ತು ಬಸಳೆ ಇಲ್ವಾ? ಚಪ್ಪರ ಮಾತ್ರವಾ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು.

ಬೇಲಿ ಎದ್ದಿತು. ಮೂರು ಮನೆಯವರೂ ಸೇರಿ ಒಂದೇ ಮನಸ್ಸಿನಿಂದ, ಹಾಡು ಹೇಳಿಕೊಂಡು ಮಾಡಿದ ಕೆಲಸವೆಂದರೆ ಅದೊಂದೇ. ತಡಮೆಗೆ ಹೊಸ ಹಲಗೆ ಕೂರಿಸಿದ್ದೇ ತಡ, ಸುಮತಿ ಒಳಗಿನಿಂದ ಕೊಡಪಾನ ತಂದು ಅದರ ಮೇಲಿಟ್ಟು, ಏನೂ ತಿಳಿಯದವಳಂತೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಆಚೆಯಿಂದ ರಾಟೆಯ ಸದ್ದು ಕೇಳಿಸಿತು. ಕೊಡಪಾನ ತುಂಬಿತು. ಅದರ ಪಕ್ಕದಲ್ಲಿ ಬಾಳೆನಾರಿನಲ್ಲಿ ಕಟ್ಟಿದ ಒಂದು ಸಣ್ಣ ಕಟ್ಟು ಬಸಳೆಯೂ ಇತ್ತು. ಸುಮತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಡಮೆಗೆ ಓಡಿದಳು. ಬಾಕಿ ಉಳಿದಿದ್ದ ಸುದ್ದಿಯೆಲ್ಲ ಶುರುವಾಯಿತು. ಅದರಲ್ಲಿ ಮುಖ್ಯ ಸುದ್ದಿ ನಾನೇ ಎಂದು ಆ ನಗುವಿನಿಂದ ತಿಳಿಯಿತು. ಎರಡು ಮಾತು ಸೇರಿಸೋಣವೆಂದು ಹತ್ತಿರ ಹೋದೆ.

"ನೀವು ಒಳಗೆ ಹೋಗಿ. ನಮ್ಮನ್ನು ಒಂದು ಸಲ ಒಂದು ಮಾಡಿದ್ದು ಸಾಕು" ಎಂದಳು ಸುಮತಿ.

ಒಕ್ಕೂಟದ ಕೊನೆಯ ಸಭೆ ಮರುದಿನ ಬೇಲಿಯ ಬುಡದಲ್ಲೇ ನಡೆಯಿತು. ಇನ್ನು ಮುಂದೆ ವರ್ಷ ವರ್ಷ ಬೇಲಿ ಕಟ್ಟುವವರು ಯಾರು ಎಂದು ಪೊರ್ಬುಗಳು ವಿಷಯ ಮಂಡಿಸಿದರು. "ಅಧ್ಯಕ್ಷರು" ಎಂದರು ಕಮಲಕ್ಕ. ಅಧ್ಯಕ್ಷತೆ ಸರದಿಯದ್ದು ಎಂದು ನಾನು ನೆನಪಿಸಿದೆ. ಆ ನಿಯಮವನ್ನು ಅಲ್ಲಿಯೇ ತಿದ್ದಿ ನನ್ನನ್ನು ಖಾಯಂ ಅಧ್ಯಕ್ಷನನ್ನಾಗಿ ಮಾಡಿದರು. ಬೇಡವೆನ್ನುವ ಹಕ್ಕು ನನಗಿತ್ತಲ್ಲ? ಇತ್ತು. ಆದರೆ ಬಾಯಿ ತೆರೆಯುವಷ್ಟರಲ್ಲಿ ಕಮಲಕ್ಕ ತಡಮೆಯ ಮೇಲಿನ ಕೊಡಪಾನವನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

ಈಗಲೂ ನಾನು ತರಗತಿಯಲ್ಲಿ ಯುರೋಪಿನ ಒಕ್ಕೂಟದ ಪಾಠ ಮಾಡುತ್ತೇನೆ, ಗಡಿಗಳು ಕರಗಬೇಕು ಎಂದು ಕೈ ಬೀಸಿ ಬೀಸಿ ಹೇಳುತ್ತೇನೆ. ಬೇಲಿ ಕಟ್ಟುವ ತಿಂಗಳಲ್ಲಿ ಮಾತ್ರ ಕೈಯನ್ನು ಜೇಬಿನೊಳಗೇ ಇಟ್ಟುಕೊಳ್ಳುತ್ತೇನೆ. ಮುಳ್ಳು ಚುಚ್ಚಿದ ಬೆರಳುಗಳನ್ನು ಕಂಡರೆ ವಿದ್ಯಾರ್ಥಿಗಳು ಏನೆಂದು ಕೇಳುತ್ತಾರೆ!